‘ಲ್ಯಾಪ್ಸ್’ ಆದದ್ದೋ, ಮಾಡಿದ್ದೋ?

ಮಾರ್ಚ್ ಕೊನೆಯ ವಾರ ಬೈಲಹೊಂಗಲ, ಸವದತ್ತಿ ಕಡೆಯ ಯಾವ ಸರ್ಕಾರಿ ಕಚೇರಿಗೆ ಹೋದರೂ ಒಂದು ಇಂಗ್ಲಿಷ್ ಕ್ರಿಯಾಪದ ಕಿವಿಗೆ ಬೀಳದೇ ಇರದು. ‘ಮೂವತ್ತೊಂದರೊಳಗ ಬಿಲ್ ಆಗಲಿಲ್ಲಂದ್ರ ರೊಕ್ಕ ಲ್ಯಾಪ್ಸ್ ಆಕೈತಿ ನೋಡ್ರಿ’ ಎಂದು ಗುತ್ತಿಗೆದಾರರು ಗುಮಾಸ್ತರ ಮೇಜಿನ ಮುಂದೆ ನಿಂತಿರುತ್ತಾರೆ. ಡಿಸೆಂಬರ್ ಬಂತೆಂದರೆ ಇದೇ ಮಾತು ಶಾಲೆಗಳ ಸ್ಟಾಫ್ ರೂಮಿಗೆ ಹೋಗುತ್ತದೆ. ಅಲ್ಲಿ ಲ್ಯಾಪ್ಸ್ ಆಗುವುದು ಉಳಿದುಹೋದ ಸಿ.ಎಲ್. ರಜೆಗಳು. ವರ್ಷವಿಡೀ ಈ ಮಾತನ್ನು ಬಿಡದೆ ಆಡುವವರೆಂದರೆ ಎಲ್‌ಐಸಿ ಏಜೆಂಟರು. ‘ಕಂತ ತುಂಬ್ರಿ ಅಣ್ಣಾರ, ಪಾಲಿಸಿ ಲ್ಯಾಪ್ಸ್ ಆಗೇತಿ.’

ಇಷ್ಟು ಬಳಕೆಯಲ್ಲಿರುವ ಈ ಪದಕ್ಕೆ ಸರಿಯಾದ ಅರ್ಥವೇನು ಎಂದು ಕೇಳಿದರೆ ‘ಮುಗೀತು, ಹೋತು’ ಎನ್ನುವ ಉತ್ತರವೇ ಹೆಚ್ಚು. ಅದು ಅರ್ಧ ಸರಿ. ಮುಗಿದುಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ಎಕ್ಸ್‌ಪೈರ್’ ಎಂಬ ಬೇರೆ ಪದವಿದೆ. ಔಷಧಿ ಎಕ್ಸ್‌ಪೈರ್ ಆಗುತ್ತದೆ, ಎಟಿಎಂ ಕಾರ್ಡ್ ಎಕ್ಸ್‌ಪೈರ್ ಆಗುತ್ತದೆ. ಅವುಗಳ ಅವಧಿಯೇ ಅಷ್ಟು, ಯಾರೂ ಏನೂ ತಪ್ಪು ಮಾಡಬೇಕಾಗಿಲ್ಲ. ಲ್ಯಾಪ್ಸ್ ಆಗುವುದಕ್ಕೆ ಮಾತ್ರ ಹಿಂದೊಂದು ಕೊರತೆ ಇರಲೇಬೇಕು. ಮಾಡಬೇಕಾದ ಕೆಲಸವನ್ನು ಯಾರೋ ಮಾಡಿಲ್ಲ, ಕಟ್ಟಬೇಕಾದ ಹಣ ಕಟ್ಟಿಲ್ಲ, ಹೇಳಿಕೊಳ್ಳಬೇಕಾದ ಹಕ್ಕನ್ನು ಹೊತ್ತಿಗೆ ಸರಿಯಾಗಿ ಹೇಳಿಕೊಂಡಿಲ್ಲ. ಆ ಕಾರಣಕ್ಕೆ ಕೈಯಲ್ಲಿದ್ದ ಹಕ್ಕು ಜಾರಿಹೋಯಿತು. ಪಾಲಿಸಿ ಪೂರ್ತಿ ಅವಧಿ ಮುಗಿಸಿದರೆ ಅದು ‘ಮೆಚ್ಯೂರ್’ ಆಯಿತು, ನಡುವೆ ಕಂತು ತಪ್ಪಿದರೆ ‘ಲ್ಯಾಪ್ಸ್’ ಆಯಿತು. ಹೊತ್ತು ಸುಮ್ಮನೆ ಕಳೆಯುವುದಕ್ಕೆ ‘ಇಲ್ಯಾಪ್ಸ್’ ಎಂಬ ಇನ್ನೊಂದು ರೂಪವಿದೆ. ಅದು ಇದರ ತಂಗಿಯಾದರೂ ಕೆಲಸ ಬೇರೆ.

ಹಾಗೆ ಲ್ಯಾಪ್ಸ್ ಆದದ್ದೆಲ್ಲ ಕೈಬಿಟ್ಟು ಹೋದಂತೆಯೂ ಅಲ್ಲ. ವಿಮೆಯ ಕಂತು ತುಂಬಲು ಗಡುವು ದಾಟಿದ ಮೇಲೂ ತಿಂಗಳ ಕಂತಾದರೆ 15 ದಿನ, ಮೂರು ತಿಂಗಳು, ಆರು ತಿಂಗಳು ಅಥವಾ ವರ್ಷದ ಕಂತಾದರೆ 30 ದಿನ ಹೆಚ್ಚುವರಿ ಸಮಯ ಇರುತ್ತದೆ. ಅದೂ ದಾಟಿದರೆ ಸಾಮಾನ್ಯ ಜೀವವಿಮಾ ಪಾಲಿಸಿಗಳಿಗೆ, ಮೊದಲ ಕಂತು ತಪ್ಪಿದ ದಿನದಿಂದ 5 ವರ್ಷದೊಳಗೆ, ಬಾಕಿ ಹಾಗೂ ಬಡ್ಡಿ ಕಟ್ಟಿ ಜೀವ ತುಂಬಲು ಅವಕಾಶವಿದೆ. ಕಚೇರಿಯ ಅನುದಾನಕ್ಕೆ ಆ ಭಾಗ್ಯ ಕಡಿಮೆ. ಆ ವರ್ಷದ ಬಜೆಟ್ಟಿನಲ್ಲಿ ಮಂಜೂರಾದ ಹಣ ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದರೆ ಆ ಮಂಜೂರಾತಿಗೇ ಬೆಲೆಯಿಲ್ಲ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯಂಥ ಕೆಲವು ಬಾಬುಗಳು ಮಾತ್ರ ವರ್ಷ ದಾಟಿದರೂ ಉಳಿಯುತ್ತವೆ. ಸರ್ಕಾರಿ ಭಾಷೆಯಲ್ಲಿ ಅವಕ್ಕೆ ‘ನಾನ್ ಲ್ಯಾಪ್ಸಬಲ್’ ಎನ್ನುತ್ತಾರೆ.

ಉಚ್ಚಾರಣೆಯ ವಿಷಯದಲ್ಲಿ ಈ ಭಾಗದ ಜನ ಹಿಂಜರಿಯಬೇಕಾಗಿಲ್ಲ. ಪದದ ಕೊನೆಯಲ್ಲಿ ‘ಇ’ ಅಕ್ಷರ ಕಂಡು ‘ಟೇಪ್’, ‘ಗ್ರೇಪ್’ ಇದ್ದಂತೆ ‘ಲೇಪ್ಸ್’ ಎಂದು ಓದುವವರಿದ್ದಾರೆ, ಅದು ತಪ್ಪು. ಆ ‘ಇ’ಗೆ ದನಿಯಿಲ್ಲ. ನಡುವಿನ ಸ್ವರ ‘ಕ್ಯಾಟ್’, ‘ಬ್ಯಾಟ್’ಗಳಲ್ಲಿ ಬರುವಂಥದು. ಕನ್ನಡ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ ಯಕಾರದ ಒತ್ತು ಕೊಟ್ಟು ದೀರ್ಘ ಎಳೆದು ಬರೆಯುತ್ತೇವೆ. ಆದರೆ ಅಕ್ಷರವಿಲ್ಲ ಎಂದರೆ ದನಿಯಿಲ್ಲ ಎಂದಲ್ಲ. ‘ಬ್ಯಾಡ’, ‘ಹ್ಯಾಂಗ’, ‘ಮ್ಯಾಲ’, ‘ಪ್ಯಾಟಿ’, ‘ಬ್ಯಾಸಗಿ’ ಎಂದು ಹುಟ್ಟಿನಿಂದ ಆಡುತ್ತ ಬಂದ ಬೈಲಹೊಂಗಲ, ರಾಮದುರ್ಗದ ನಾಲಗೆಗೆ ಆ ಸ್ವರ ಹೊಸದೇನಲ್ಲ. ‘ಬೇಡ, ಹೇಗೆ, ಮೇಲೆ’ ಎನ್ನುವವರಿಗಿಂತ ಇವರಿಗೇ ಅದು ಹತ್ತಿರ. ಒಂದೇ ಎಚ್ಚರವೆಂದರೆ, ‘ಬ್ಯಾಡ’ದಲ್ಲಿ ಆ ಸ್ವರವನ್ನು ಎಳೆಯುತ್ತೇವೆ, ‘ಲ್ಯಾಪ್ಸ್’ನಲ್ಲಿ ಗಿಡ್ಡಗೆ ಹಿಡಿಯಬೇಕು.

ಕಷ್ಟ ಕೊಡುವುದು ಕೊನೆಯ ಜೋಡಿ. ತುಟಿ ಮುಚ್ಚಿ ‘ಪ್’ ಹಿಡಿದು, ನಡುವೆ ಸ್ವರ ನುಸುಳಲು ಬಿಡದೆ ‘ಸ್’ಗೆ ಹೋಗಬೇಕು. ಅಲ್ಲಿ ನಾಲಗೆ ತಡೆಯದೆ ‘ಲ್ಯಾಪಸ್’ ಎನ್ನುವವರು ಬಹಳ ಜನ. ‘ವಾಪಸ್’ ಎಂಬ ಪದ ಮೊದಲೇ ನಾಲಗೆಯಲ್ಲಿ ಕೂತಿರುವುದೂ ಅದಕ್ಕೆ ಒತ್ತಾಸೆಯಾಗಿರಬಹುದು. ಅನುದಾನ ಲ್ಯಾಪ್ಸ್ ಆಗುವುದೂ ವಾಪಸ್ ಹೋಗುವುದೂ ಕಚೇರಿಯಲ್ಲಿ ಒಂದೇ ಉಸಿರಿನಲ್ಲಿ ಬರುವ ಮಾತುಗಳಲ್ಲವೇ? ಭೂತಕಾಲದ ರೂಪದ ಕೊನೆಗೆ ‘ಡಿ’ ಬರೆದರೂ ನುಡಿಯುವುದು ‘ಲ್ಯಾಪ್ಸ್ಟ್’. ಆಟದ ಮೈದಾನದಲ್ಲಿ ಓಟಗಾರರು ಹಾಕುವ ‘ಲ್ಯಾಪ್ಸ್’ ಅಂದರೆ ಸುತ್ತುಗಳಿಗೂ ಇದಕ್ಕೂ ದನಿ ಒಂದೇ, ಮೂಲ ಬೇರೆ.

ಇದರ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ‘ಲಾಬಿ’ ಎಂಬ ಕ್ರಿಯಾಪದಕ್ಕೆ ಜಾರು, ಸರಿ, ಬೀಳು ಎಂಬ ಅರ್ಥಗಳಿವೆ. ಪಾಚಿಗಟ್ಟಿದ ಬಾವಿ ಪಾವಟಿಗೆಯ ಮೇಲೆ ಕಾಲಿಟ್ಟವರು ಜಾರಿದಂತೆ, ಗೊತ್ತಾಗುವಷ್ಟರಲ್ಲಿ ಆಗಿಹೋಗುವ ಜಾರಿಕೆ ಅದು. ಅದರಿಂದ ‘ಲಾಪ್ಸುಸ್’ ಎಂಬ ರೂಪ ಹುಟ್ಟಿ, ಫ್ರೆಂಚ್ ಹಾಯ್ದು ಇಂಗ್ಲಿಷಿಗೆ ಬಂತು. ಮೊದಲು ಬಂದದ್ದು ನಾಮಪದ. ಕ್ರಿಯಾಪದವಾಗಿ ಅದು ಬೇರೂರಿದ್ದು 17ನೇ ಶತಮಾನದ ಆರಂಭದ ಹೊತ್ತಿಗೆ. ಕಟ್ಟಡ ‘ಕೊಲ್ಯಾಪ್ಸ್’ ಆಗುವುದೂ ಗುಣವಾದ ಜ್ವರ ‘ರಿಲ್ಯಾಪ್ಸ್’ ಆಗುವುದೂ ಇದೇ ಬೇರಿನಿಂದ ಬಂದ ಮಾತುಗಳು. ಕ್ರಿಸ್ತಶಕ 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್ ದೇವತೆಗಳಿಗೆ ಬಲಿ ಕೊಡಲೇಬೇಕೆಂದು ಆಜ್ಞೆ ಹೊರಡಿಸಿದಾಗ, ಹೆದರಿ ಬಲಿಯಿತ್ತ ಕ್ರೈಸ್ತರನ್ನು ಉಳಿದವರು ‘ಲಾಪ್ಸಿ’ ಎಂದು ಕರೆದರು. ಧರ್ಮದಿಂದ ಜಾರಿದವರು ಎಂದು ಅರ್ಥ.

ಕಾನೂನಿಗೆ ಈ ಪದ ಬಂದ ದಾರಿಯನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಒಂದೊಂದು ಊರಿನ ಚರ್ಚಿಗೆ ಪಾದ್ರಿಯನ್ನು ಸೂಚಿಸುವ ಹಕ್ಕು ಅಲ್ಲಿನ ಜಮೀನುದಾರರಿಗೋ ಮತ್ತೊಬ್ಬ ಪೋಷಕರಿಗೋ ಇರುತ್ತಿತ್ತು. ಜಾಗ ಖಾಲಿಯಾದ 6 ತಿಂಗಳೊಳಗೆ ಅವರು ಹೆಸರು ಸೂಚಿಸದಿದ್ದರೆ ಆ ಹಕ್ಕು ‘ಲ್ಯಾಪ್ಸ್’ ಆಗಿ ಬಿಷಪ್ಪರಿಗೆ ಸೇರುತ್ತಿತ್ತು. ಬಿಷಪ್ಪರೂ ಸುಮ್ಮನಿದ್ದರೆ ಆರ್ಚ್‌ಬಿಷಪ್ಪರಿಗೆ, ಅವರೂ ಸುಮ್ಮನಿದ್ದರೆ ದೊರೆಗೆ. ಅಂದರೆ ಕೆಳಗಿನವರ ಕೈಯಿಂದ ಜಾರಿದ್ದು ನೆಲಕ್ಕೆ ಬೀಳದೆ ಮೇಲಿನವರ ಮಡಿಲಿಗೆ ಬೀಳುತ್ತದೆ. ಪದದೊಳಗೆ ಹೀಗೆ ಸೇರಿಕೊಂಡ ‘ಮೇಲಿನವರು’ ಎಂಬ ಭಾವವೇ ಮುಂದೆ ಹಡಗು ಹತ್ತಿ ಹಿಂದುಸ್ತಾನಕ್ಕೆ ಬಂತು.

ಅದು ಏನು ಮಾಡಿತು ಎಂಬುದಕ್ಕೆ ಕಿತ್ತೂರಿನಷ್ಟು ಹತ್ತಿರದ ಸಾಕ್ಷಿ ಬೇರೆಯಿಲ್ಲ. 1816ರಲ್ಲಿ ದೇಸಾಯಿ ಮಲ್ಲಸರ್ಜ ತೀರಿಕೊಂಡ ಮೇಲೆ, ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದ. 1818ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋ ಪೇಶ್ವೆಯವರ ಕೈಯಿಂದ ಬೆಳಗಾವಿ ಕೋಟೆ ಕಸಿದುಕೊಂಡಾಗ ಕಿತ್ತೂರು ಕಂಪನಿಯ ಪಕ್ಷದಲ್ಲಿ ನಿಂತಿತ್ತು. ಆ ನೆರವಿಗೆ ಪ್ರತಿಯಾಗಿ ಸಂಸ್ಥಾನ ಉಳಿದೀತೆಂಬ ನಂಬಿಕೆ ಅರಮನೆಯಲ್ಲಿತ್ತು. ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ಕಾಯಿಲೆ ಬಿದ್ದು, ಮಾಸ್ತಮರಡಿ ಗೌಡರ ಮನೆತನದ ಹುಡುಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. 1824ರ ಸೆಪ್ಟೆಂಬರ್ 11ರಂದು ತೀರಿಕೊಂಡ.

ಆಗ ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಗೊತ್ತಿರುವ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ದತ್ತಕದ ಪತ್ರವನ್ನೂ ಅದರ ಮೇಲಿನ ಸಹಿಯನ್ನೂ ಅವನು ಅನುಮಾನಿಸಿದ. ದೇಸಾಯಿ ಸತ್ತ ಮೇಲೆ ಹುಟ್ಟಿಸಿದ ಕಾಗದ ಎನ್ನುವುದು ಅವನ ಆಕ್ಷೇಪ. ಕಿತ್ತೂರಿಗೆ ಬಂದು ಖಜಾನೆಗೆ ಕಂಪನಿಯ ಮುದ್ರೆ ಒತ್ತಿಸಿ ಪಹರೆ ಇಟ್ಟ. ದತ್ತುಪುತ್ರ ಹುಟ್ಟಿದ ಮಗನಿಗೆ ಸಮ ಎನ್ನುವುದು ಈ ನೆಲದ ಶಾಸ್ತ್ರ ಮತ್ತು ರೂಢಿ. ಮನೆತನದ ಆಸ್ತಿಗೆ ಅದು ನಡೆಯಬಹುದು, ಆಳುವ ಹಕ್ಕಿಗೆ ಮಾತ್ರ ಸಾರ್ವಭೌಮನ ಅಪ್ಪಣೆ ಬೇಕು ಎನ್ನುವುದು ಕಂಪನಿಯ ವಾದ. ಮಲ್ಲಸರ್ಜನ ಕಿರಿಯ ರಾಣಿ ಚೆನ್ನಮ್ಮ ಬಾಂಬೆ ಗವರ್ನರ್ ಎಲ್ಫಿನ್‌ಸ್ಟನ್‌ವರೆಗೆ ಅಹವಾಲು ಕಳಿಸಿದರೂ ಫಲ ಸಿಗಲಿಲ್ಲ.

ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ತೆರೆಯಲು ಗಡುವು ಕೊಟ್ಟು, ಸಿಡಿಸಲು ತೋಪು ತರಿಸಿದ. ಗಡುವು ಮುಗಿಯುವಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆದುಕೊಂಡು ಕಿತ್ತೂರಿನ ದಂಡು ಹೊರಗೆ ನುಗ್ಗಿತು. ಥ್ಯಾಕರೆ ಅಲ್ಲೇ ಸತ್ತ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ ಎಂದು ಈ ನಾಡಿನ ಜನ ಇಂದಿಗೂ ನೆನೆಯುತ್ತಾರೆ. ಅವನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ಮುಂದೆ ಇದೇ ಎಲಿಯಟ್ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ವಿದ್ವಾಂಸನೆಂದು ಹೆಸರಾದ. ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯ ತಂದ ಮೇಲೆ ಡಿಸೆಂಬರ್ ಮೊದಲ ವಾರ ಕೋಟೆ ಬಿತ್ತು. ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ರಾಣಿ ಅಲ್ಲೇ ಕೊನೆಯುಸಿರೆಳೆದಳು. ಅವಳ ಸಮಾಧಿ ಇರುವುದು ಅದೇ ಊರಿನಲ್ಲಿ.

ಅಷ್ಟಕ್ಕೇ ದತ್ತಕದ ಮಾತು ನಿಲ್ಲಲಿಲ್ಲ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ ಅದೇ ಶಿವಲಿಂಗಪ್ಪನನ್ನು ಗಾದಿಗೆ ಕೂಡಿಸಲು ಪಡೆ ಕಟ್ಟಿದ. ಬೀಡಿ, ನಂದಗಡ, ಸಂಪಗಾಂವ ಕಚೇರಿಗಳ ಮೇಲೆ ಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಈಗ ಕ್ರಿಯಾಪದದ ವ್ಯಾಕರಣಕ್ಕೆ ಬರೋಣ. ಇಂಗ್ಲಿಷಿನ ‘ಲ್ಯಾಪ್ಸ್’ ಅಕರ್ಮಕ ಕ್ರಿಯಾಪದ. ಕಿತ್ತೂರು ಲ್ಯಾಪ್ಸ್ ಆಯಿತು ಎಂದರೆ ಆ ವಾಕ್ಯದ ಕರ್ತೃ ಕಿತ್ತೂರೇ. ಅದು ತಾನಾಗಿ ಜಾರಿತು. ಮುದ್ರೆ ಒತ್ತಿದವನು, ತೋಪು ತಂದವನು, ಪತ್ರ ಸುಳ್ಳೆಂದವನು ಯಾರಿಗೂ ಆ ವಾಕ್ಯದಲ್ಲಿ ಜಾಗವಿಲ್ಲ. ಜಾರುವುದಕ್ಕೆ ಕೊರತೆ ಬೇಕಲ್ಲ? ವಾರಸುದಾರನಿಲ್ಲ ಎಂಬುದೇ ಆ ಕೊರತೆ. ವಾರಸುದಾರ ಮಾಸ್ತಮರಡಿಯಿಂದ ಬಂದು ಅರಮನೆಯಲ್ಲೇ ಇದ್ದ. ಅವನನ್ನು ಇಲ್ಲ ಎಂದವರು ಬೇರೆಯವರು.

ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ‘ಡಾಕ್ಟ್ರಿನ್ ಆಫ್ ಲ್ಯಾಪ್ಸ್’ ಎಂದೊಡನೆ ಲಾರ್ಡ್ ಡಾಲ್‌ಹೌಸಿ ಹೆಸರು ಬರುತ್ತದೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಚೆನ್ನಮ್ಮನ ಕಾಳಗ ಮುಗಿದು 24 ವರ್ಷವಾದ ಮೇಲೆ. ಸಾತಾರಾ, ಸಂಬಲ್‌ಪುರ, ಝಾನ್ಸಿ, ನಾಗಪುರಗಳನ್ನು ಒಂದರ ಹಿಂದೊಂದು ನುಂಗಿ ಅವನು ಈ ನೀತಿಗೆ ಹೆಸರು ತಂದ. 1824ರಲ್ಲಿ ಅದಕ್ಕೆ ನೀತಿ ಎಂಬ ಬಿರುದು ಇರಲಿಲ್ಲ, ತರ್ಕ ಮಾತ್ರ ಅದೇ. ಕಿತ್ತೂರನ್ನು ಡಾಲ್‌ಹೌಸಿಯ ಪಟ್ಟಿಯಲ್ಲಿ ಹುಡುಕಿ ಕಾಣದೆ ‘ಇದು ಲ್ಯಾಪ್ಸ್ ಅಲ್ಲ’ ಎಂದು ಬಿಡುವವರು ಹೆಸರಿನ ಹಿಂದೆ ಹೋಗಿ ಸಂಗತಿಯನ್ನು ಬಿಡುತ್ತಾರೆ. ಕನ್ನಡ ಪಠ್ಯಪುಸ್ತಕಗಳು ಇದನ್ನು ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ’ ಎಂದು ಕರೆಯುತ್ತವೆ. ಬಹಳ ಒಳ್ಳೆಯ ಹೆಸರು. ಯಾರಿಂದ ಏನನ್ನು ಕಿತ್ತುಕೊಂಡರು ಎಂಬುದು ಅದರಲ್ಲಿ ನೇರವಾಗಿದೆ.

ಇದೇ ಕಿಡಿ ಮತ್ತೆ ಹೊತ್ತಿದ್ದು ರಾಮದುರ್ಗದ ಸರಹದ್ದಿನಲ್ಲಿ. ನರಗುಂದ ಮತ್ತು ರಾಮದುರ್ಗ ಎರಡೂ ಭಾವೆ ಮನೆತನದ ಸಂಸ್ಥಾನಗಳು. ನರಗುಂದದ ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ, ಮಕ್ಕಳಿಲ್ಲದೆ ದತ್ತಕಕ್ಕೆ ಅಪ್ಪಣೆ ಕೇಳಿದಾಗ ಕಂಪನಿ ಒಪ್ಪಲಿಲ್ಲ. 1858ರ ಮೇ ತಿಂಗಳಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದ. ಅಲ್ಲಿನ ಅರಸ ಬಾಬಾಸಾಹೇಬನ ಮಲತಮ್ಮ. ಮ್ಯಾನ್ಸನ್ ಅಲ್ಲಿಂದ ಹೊರಟು ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬ ದಾಳಿ ಮಾಡಿ ಅವನನ್ನು ಕೊಂದ. ರುಂಡ ನರಗುಂದ ಕೋಟೆಯ ಬಾಗಿಲಲ್ಲಿ ತೂಗಿತು. ಕೆಲವೇ ದಿನಗಳಲ್ಲಿ ಕಂಪನಿ ಸೈನ್ಯ ನರಗುಂದ ಹಿಡಿಯಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಕೈಮಗ್ಗಕ್ಕೆ ಹೆಸರಾದ ಸುರೇಬಾನಕ್ಕೆ ಇಂದು ಹೋಗುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆಯೋ! ಅದೇ ವರ್ಷ ನವೆಂಬರ್ 1ರ ವಿಕ್ಟೋರಿಯಾ ರಾಣಿಯ ಘೋಷಣೆಯಿಂದ ಸರ್ಕಾರದ ಧೋರಣೆ ಬದಲಾಯಿತು. 1862ರಲ್ಲಿ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನೇ ಕೊಟ್ಟ.

ಬದಲಾದ ಈ ಕಾಲದ ಫಲವನ್ನು ನೋಡಬೇಕಾದರೆ ಸವದತ್ತಿ ಸೀಮೆಯ ಸಿರಸಂಗಿಗೆ ಹೋಗಬೇಕು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ಹುಡುಗನೊಬ್ಬ ಸಿರಸಂಗಿ ದೇಸಾಯರ ವಾಡೆಗೆ ದತ್ತು ಬಂದ. ಅವನೇ ಮುಂದೆ ಲಿಂಗರಾಜ ದೇಸಾಯಿ. ಸಂಸ್ಥಾನವೇನೂ ಅಲ್ಲದ, ಕೇವಲ ದೇಸಗತಿಯಾದ ಆ ಮನೆತನದ ಆಸ್ತಿ ದತ್ತುಮಗನ ಕೈಗೆ ಉಳಿಯಿತು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧ್ಯಕ್ಷರಾದವರು ಅವರೇ. ಸ್ವಂತ ಮಕ್ಕಳಿಲ್ಲದ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮೊದಲು ಇಡೀ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿ ಮುಂದೆ ಬಂದವರು ಉತ್ತರ ಕರ್ನಾಟಕದ ಊರೂರಿನಲ್ಲಿದ್ದಾರೆ. 1933ರಲ್ಲಿ ಶುರುವಾದ ಬೆಳಗಾವಿಯ ಲಿಂಗರಾಜ ಕಾಲೇಜಿಗೂ ಅವರದೇ ಹೆಸರು. ದತ್ತುಮಗನ ಹಕ್ಕನ್ನು ಒಪ್ಪಿದರೆ ಒಂದು ಮನೆತನದ ಸಂಪತ್ತು ಎಲ್ಲಿಯವರೆಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಈ ಭಾಗದಲ್ಲಿಲ್ಲ.

ಕನ್ನಡ ಈ ಇಂಗ್ಲಿಷ್ ಕ್ರಿಯಾಪದವನ್ನು ಬಳಸುವಾಗ ಒಂದು ಒಳ್ಳೆಯ ಕೆಲಸ ಮಾಡಿದೆ. ನಾವು ಹೊರಗಿನ ಕ್ರಿಯಾಪದಗಳಿಗೆ ‘ಆಗು’ ಅಥವಾ ‘ಮಾಡು’ ಸೇರಿಸಿ ನಮ್ಮದಾಗಿಸಿಕೊಳ್ಳುತ್ತೇವೆ. ಹಾಗಾಗಿ ‘ರೊಕ್ಕ ಲ್ಯಾಪ್ಸ್ ಆತು’ ಎನ್ನುವಷ್ಟೇ ಸಲೀಸಾಗಿ ‘ರೊಕ್ಕ ಲ್ಯಾಪ್ಸ್ ಮಾಡಿ ಕುಂತಾರ’ ಎಂದೂ ಈ ಭಾಗದ ಜನ ಹೇಳುತ್ತಾರೆ. ಎರಡನೆಯ ವಾಕ್ಯದಲ್ಲಿ ಮಾಡಿದವರು ಒಳಗೆ ಬಂದರು. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಇನ್ನೊಂದು ಕ್ರಿಯಾಪದದ ಆಸರೆ ಬೇಕು. ಗ್ರಾಮಸಭೆಯಲ್ಲಿ ಕಾಲುವೆ ದುರಸ್ತಿಯ ಹಣ ಲ್ಯಾಪ್ಸ್ ‘ಆಗಿದೆ’ ಎಂದು ಅಧಿಕಾರಿ ಓದಿ ಹೇಳಿದಾಗ, ‘ಮಾಡಿದವರ‍್ಯಾರ್ರೀ?’ ಎಂದು ಹಿಂದಿನ ಸಾಲಿನಿಂದ ಕೇಳುವ ರೈತ ಬರೀ ಜಗಳ ತೆಗೆಯುತ್ತಿಲ್ಲ. ವಾಕ್ಯದಲ್ಲಿ ಬಿಟ್ಟುಹೋದ ಕರ್ತೃವನ್ನು ಕೇಳುತ್ತಿದ್ದಾನೆ. ಟೆಂಡರ್ ಕರೆಯಲು ತಡವಾಯಿತೇ, ಅಂದಾಜು ಪಟ್ಟಿಗೆ ಸಹಿ ಬೀಳಲಿಲ್ಲವೇ, ಹಣ ಬಂದದ್ದೇ ಮಾರ್ಚ್ ಕೊನೆಗೋ ಎಂಬ ಉತ್ತರ ಹೊರಬರುವುದು ಆ ಪ್ರಶ್ನೆ ಎದ್ದ ಮೇಲೆಯೇ.

ನಮ್ಮ ಸಂವಿಧಾನದ ಇಂಗ್ಲಿಷ್ ಪಾಠದಲ್ಲೂ ಈ ಕ್ರಿಯಾಪದವಿದೆ. ವಿಧಾನಸಭೆ ವಿಸರ್ಜನೆಯಾದರೆ ಅದರಲ್ಲಿ ಬಾಕಿಯಿರುವ ಮಸೂದೆ ಲ್ಯಾಪ್ಸ್ ಆಗುತ್ತದೆ ಎನ್ನುತ್ತದೆ 196ನೇ ವಿಧಿ. ಲೋಕಸಭೆಗೆ ಅದನ್ನೇ ಹೇಳುವುದು 107ನೇ ವಿಧಿ. 2010ರಲ್ಲಿ ರಾಜ್ಯಸಭೆ ಒಪ್ಪಿದ ಮಹಿಳಾ ಮೀಸಲಾತಿ ಮಸೂದೆ 2014ರಲ್ಲಿ ಹೀಗೇ ಬಿದ್ದುಹೋಯಿತು.

ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ ಈ ನಾಲ್ಕೂ ಊರುಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ‘ಲ್ಯಾಪ್ಸ್’ ಇನ್ನೊಂದಿದೆ. 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 7ನೇ ಕಲಮಿನಲ್ಲಿ, ಭಾರತದ ಸಂಸ್ಥಾನಗಳ ಮೇಲೆ ಬ್ರಿಟಿಷ್ ದೊರೆಗಿದ್ದ ಅಧಿರಾಜತ್ವ ಆಗಸ್ಟ್ 15ರಿಂದ ‘ಲ್ಯಾಪ್ಸ್’ ಆಗುತ್ತದೆ ಎಂದು ಬರೆದಿದೆ. ಕಿತ್ತೂರನ್ನು ನುಂಗಿದ ಕ್ರಿಯಾಪದವೇ ನುಂಗಿದವರ ಅಧಿಕಾರಕ್ಕೂ ಬಂತು. ಈ ನಾಲ್ಕರಲ್ಲಿ ಆ ಹೊತ್ತಿಗೆ ಸಂಸ್ಥಾನವಾಗಿ ಉಳಿದಿದ್ದುದು ರಾಮದುರ್ಗ ಒಂದೇ. ಕಲಮು ನೇರವಾಗಿ ಅನ್ವಯಿಸಿದ್ದು ಅದಕ್ಕೆ. ಅಲ್ಲಿಯೂ ವ್ಯಾಕರಣ ಹಳೆಯದೇ, ಅಧಿರಾಜತ್ವ ತಾನಾಗಿ ಜಾರಿತು ಎನ್ನುವ ಧಾಟಿ. ರಾಮದುರ್ಗದಲ್ಲಿ ಪ್ರಜಾಸಂಘ ಕಟ್ಟಿ ಕರಭಾರದ ವಿರುದ್ಧ ನಿಂತವರು ಆ ವಾಕ್ಯದಲ್ಲಿ ಕಾಣುವುದಿಲ್ಲ. 1939ರ ಏಪ್ರಿಲ್‌ನಲ್ಲಿ ಆ ಚಳವಳಿ ರಕ್ತಪಾತಕ್ಕೆ ತಿರುಗಿ ಪೊಲೀಸರು ಸತ್ತರು, ಊರಿನವರು ಗಲ್ಲು ಮತ್ತು ದೀರ್ಘ ಸೆರೆ ಅನುಭವಿಸಿದರು. 1948ರ ಮಾರ್ಚ್ 8ರಂದು ರಾಮದುರ್ಗ ಸಂಸ್ಥಾನ ಬಾಂಬೆ ಪ್ರಾಂತ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಜತೆಗೆ ಮೈಸೂರು ರಾಜ್ಯಕ್ಕೆ ಬಂತು.